ಬಿಳಿಗೆರೆಯಲ್ಲಿ ಡೆಟ್ರಾಯಿಟ್

ನಮ್ಮೂರು ಬಿಳಿಗೆರೆಯ ಕಟ್ಟೆಯ ಮೇಲೆ ಸಂಜೆ ಕೂರುವ ಹಿರಿಯರಿಗೆಲ್ಲ ಒಂದೊಂದು ಹಳೆಯ ಹಂಬಲ ಇದೆ. ಒಬ್ಬರಿಗೆ ನಂಜನಗೂಡು ರಸಬಾಳೆಯ ಅಂದಿನ ಘಮ, ಇನ್ನೊಬ್ಬರಿಗೆ ದಂಡೆ ತುಂಬಿ ಹರಿಯುತ್ತಿದ್ದ ಕಪಿಲೆ, ಮತ್ತೊಬ್ಬರಿಗೆ ರಾಜಕುಮಾರ್ ಸಿನಿಮಾ ನೋಡಲು ಮೈಸೂರಿಗೆ ಹೋಗಿ ಕೊನೇ ಬಸ್ಸು ತಪ್ಪಿಸಿಕೊಂಡ ರಾತ್ರಿ. ಇವೆಲ್ಲ ಮರ್ಯಾದಸ್ಥರ ಹಂಬಲಗಳು. ನನ್ನದು ಮಾತ್ರ ಯಾರ ಮುಂದೆಯೂ ಹೇಳಿಕೊಳ್ಳುವಂಥದ್ದಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1936ರಲ್ಲಿ ಷೆವರ್ಲೆ ಕಾರಿನ ಎಂಜಿನ್ನಿಗೆ ಎರಕ ಹೊಯ್ಯುತ್ತಿದ್ದ ಕಾಲವನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ನಾನು ಮಿಷಿಗನ್ ನೋಡಿದವನಲ್ಲ. 1936ರಲ್ಲಿ ನಮ್ಮಪ್ಪನಿಗೇ ಮೀಸೆ ಮೂಡಿರಲಿಲ್ಲ. ಕಾರು ಓಡಿಸುವುದು ನನಗೆ ಇವತ್ತಿಗೂ ಬಾರದು.

ಇದು ನಿವೃತ್ತಿಯ ನಂತರ ಅಂಟಿದ ಚಟ. ಮೇಷ್ಟ್ರ ಕೆಲಸ ಮುಗಿದು ಕೈಗೊಂದು ಸ್ಮಾರ್ಟ್‌ಫೋನ್ ಬಂದ ಮೇಲೆ ಊರಿನ ಓರಗೆಯವರೆಲ್ಲ ಪ್ರವಚನ ಕೇಳತೊಡಗಿದರು, ನಾನು ಕಾರ್ಖಾನೆಯ ಸಿನಿಮಾ ನೋಡತೊಡಗಿದೆ. ರಿಕ್ ಪ್ರೆಲಿಂಗರ್ ಎಂಬ ಪುಣ್ಯಾತ್ಮ 1982ರಿಂದ ಇಂಥವನ್ನೇ ಕೂಡಿಹಾಕುತ್ತಾ ಬಂದ. ಕಂಪನಿಗಳು ತಮ್ಮ ಡೌಲು ತೋರಿಸಲು ತೆಗೆಸಿದ ಚಿತ್ರ, ಶಾಲಾ ಮಕ್ಕಳಿಗೆ ಬುದ್ಧಿ ಹೇಳುವ ಚಿತ್ರ, ಸೋಪು ಮಾರುವ ಚಿತ್ರ, ಹೀಗೆ ಎಲ್ಲರೂ ಕಸಕ್ಕೆ ಎಸೆಯುತ್ತಿದ್ದ ರೀಲುಗಳನ್ನು. ಈಗ ಅವುಗಳಲ್ಲಿ ಸಾವಿರಾರು ಚಿತ್ರಗಳನ್ನು ಕಾಸು ಕೊಡದೆ ನೋಡಬಹುದು. ಕಾಸಿಲ್ಲದೆ ಸಿಗುವುದರಿಂದ ನನ್ನ ಹಂಬಲಕ್ಕೆ ಮಿತಿಯೂ ಇಲ್ಲ.

ಈ ಚಿತ್ರಗಳ ಚಕ್ರವರ್ತಿ ಜಾಮ್ ಹ್ಯಾಂಡಿ ಎಂಬಾತ. ಡೆಟ್ರಾಯಿಟ್‌ನಲ್ಲಿ ಕೂತು ಜನರಲ್ ಮೋಟಾರ್ಸ್‌ನಂಥ ಕಂಪನಿಗಳಿಗೆ ಸಾವಿರಗಟ್ಟಲೆ ಚಿತ್ರ ತೆಗೆದವನು. ಈಜುಗಾರ ಬೇರೆ. 1904ರ ಒಲಿಂಪಿಕ್ಸ್‌ನಲ್ಲಿ ಈಜಿ ಕಂಚು ಗೆದ್ದ. 20 ವರ್ಷ ಬಿಟ್ಟು 1924ರಲ್ಲಿ ಮತ್ತೆ ನೀರಿಗಿಳಿದು ವಾಟರ್ ಪೋಲೋದಲ್ಲಿ ಇನ್ನೊಂದು ಕಂಚು ತಂದ. ಅಷ್ಟು ದಮ್ಮಿದ್ದವನಾದ್ದರಿಂದಲೇ ಕಾರಿನ ಹಿಂಬದಿಯ ಡಿಫರೆನ್ಷಿಯಲ್ ಗೇರನ್ನು ನನ್ನಂಥ ಕನ್ನಡ ಮೇಷ್ಟ್ರಿಗೂ ಅರ್ಥ ಮಾಡಿಸಿದ.

ಆ ಚಿತ್ರ 1937ರದ್ದು. ಮೊದಲಿಗೆ ಒಂದಷ್ಟು ಜನ ಮೋಟಾರ್ ಸೈಕಲ್ ಸವಾರರು ಒಬ್ಬರ ಪಕ್ಕ ಒಬ್ಬರು ಸಾಲಾಗಿ ಬರುತ್ತಾರೆ. ಸಾಲು ಮುರಿಯದೆ ಮೂಲೆ ತಿರುಗಬೇಕು. ಹೊರಗಿನವನು ಜೋರಾಗಿ ಓಡಬೇಕು, ಒಳಗಿನವನು ನಿಂತೂ ನಿಲ್ಲದಂತೆ ಹೋಗಬೇಕು. ಕಾರಿನ ಎರಡು ಹಿಂಗಾಲಿಗಳ ಪಾಡೂ ಅದೇ. ಆಮೇಲೆ ಎರಡು ಚಕ್ರ ಇಟ್ಟು, ನಡುವೆ ಒಂದು ಅಡ್ಡಕೋಲು ಇಟ್ಟು, ಕೋಲಿಗೆ ಕೋಲು ಸೇರಿಸಿ ಹಲ್ಲು ಮಾಡಿ, ಹಲ್ಲನ್ನು ಗೇರು ಮಾಡಿ, ನೋಡನೋಡುತ್ತಲೇ ಇಡೀ ಯಂತ್ರವನ್ನು ಕಟ್ಟಿಬಿಡುತ್ತಾರೆ. ನಾನು ಉಬ್ಬಿ ಹೋಗಿ ಪಕ್ಕದಲ್ಲಿ ಕೂತಿದ್ದ ಭಾವನಿಗೆ ತೋರಿಸಿದೆ. ಭಾವ ಕನ್ನಡಕ ಸರಿ ಮಾಡಿಕೊಂಡು ಕೊನೆಯವರೆಗೂ ನೋಡಿದರು.

"ಇದ ಹೇಳಕೆ ಸಿನಿಮಾ ತೆಗೀಬೇಕಾಗಿತ್ತಾ ಮೇಷ್ಟ್ರೇ? ಕಣದಲ್ಲಿ ಎತ್ತು ಕಟ್ಟಿ ತುಳಿಸಾಗ ನೋಡಿಲ್ವಾ? ಮೇಟಿ ಪಕ್ಕದಲ್ಲಿ ಮುದಿ ಎತ್ತು ಕಟ್ಟೋದು, ಹೊರಗಡೆಗೆ ಚುರುಕಾದ್ದು ಕಟ್ಟೋದು. ಒಳಗಿನದು ನಿಂತಲ್ಲೇ ಮೆಲುಕು ಹಾಕ್ತಾ ತಿರುಗ್ತದೆ, ಹೊರಗಿನದು ಓಡಿ ಸಾಯ್ತದೆ. ನಮ್ಮಪ್ಪ ಎತ್ತು ಕಟ್ಟೋ ಮುಂಚೆಲೇ ಲೆಕ್ಕ ಹಾಕೋನು."

ಷೆವರ್ಲೆ ಕಂಪನಿ ದುಡ್ಡು ಸುರಿದು ತೆಗೆಸಿದ ಚಿತ್ರವನ್ನು ಭಾವ ಒಂದು ಮೇಟಿಗಂಬಕ್ಕೆ ಕಟ್ಟಿಹಾಕಿ ಎದ್ದು ಹೋದರು. ಒಳಗಿನ ಎತ್ತು ಯಾರು, ಹೊರಗಿನದು ಯಾರು ಎಂಬ ಪ್ರಶ್ನೆ ಮಾತ್ರ ನನ್ನಲ್ಲೇ ಉಳಿಯಿತು. ಭಾವ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೂದಲು ನರೆಯುವವರೆಗೂ ದುಡಿದು ಬಂದವರು.

ಮನೆಯೊಳಗೂ ನನ್ನ ಚಟಕ್ಕೆ ಬೆಲೆ ಇಲ್ಲ. 1956ರಲ್ಲಿ ಜನರಲ್ ಮೋಟಾರ್ಸ್‌ನವರು ತೆಗೆಸಿದ 'ಡಿಸೈನ್ ಫಾರ್ ಡ್ರೀಮಿಂಗ್' ಎಂಬ ಬಣ್ಣದ ಚಿತ್ರದಲ್ಲಿ ನಾಳಿನ ಅಡುಗೆಮನೆ ಬರುತ್ತದೆ. ಒಬ್ಬಳು ಚೆಲುವೆ ಯಂತ್ರಕ್ಕೆ ಒಂದು ಕಾರ್ಡು ತೂರಿಸಿ, ಕುಣಿಯುತ್ತಾ ಆಟಕ್ಕೆ ಹೋಗುತ್ತಾಳೆ, ಬಿಸಿಲಿಗೆ ಮೈಯೊಡ್ಡುತ್ತಾಳೆ. ವಾಪಸ್ ಬರುವಷ್ಟರಲ್ಲಿ ಕೇಕು ಬೆಂದು, ಅಲಂಕಾರವಾಗಿ, ಮೇಲೆ ಮೇಣದ ಬತ್ತಿಯೂ ಹತ್ತಿಕೊಂಡು ಸಿದ್ಧ. ಇದನ್ನು ಅವ್ವನಿಗೆ ತೋರಿಸಿದೆ. ಅವ್ವ ಅಡಿಕೆ ಅಗಿಯುವುದನ್ನೂ ನಿಲ್ಲಿಸಿ ನೋಡಿದಳು.

"ಪಾತ್ರೆ ಎಲ್ಲಿ ಬಿದ್ದವೆ?" ಎಂದಳು.

ನಾನು ಇನ್ನೊಂದು ಸಲ ಹಾಕಿ ನೋಡಿದೆ. ಪಾತ್ರೆ ತೊಳೆಯುವ ಸೊಲ್ಲೇ ಆ ಚಿತ್ರದಲ್ಲಿ ಇಲ್ಲ. ಅಮೆರಿಕದ ಅಷ್ಟೆಲ್ಲ ಎಂಜಿನಿಯರುಗಳಿಗೆ ಹೊಳೆಯದ ಪ್ರಶ್ನೆ ಅವ್ವನಿಗೆ ಅಡಿಕೆ ಅಗಿಯುವಷ್ಟರಲ್ಲಿ ಹೊಳೆಯಿತು. ನನ್ನ ಹೆಂಡತಿ ಒಳಗಿನಿಂದಲೇ, "ತೊಳೆಯೋರು ಇಲ್ಲವ್ರೆ ಅತ್ತೆ, ಸಿನಿಮಾದಲ್ಲಿ ಬರಕ್ಕಾಗ್ಲಿಲ್ಲ" ಅಂದಳು.

ಇಂಥ ಚಿತ್ರಗಳ ರುಚಿ ನನಗೆ ಹತ್ತಿದ್ದು ಚಿಕ್ಕಂದಿನಲ್ಲೇ. ಆಗ ಪ್ರಚಾರದ ವ್ಯಾನುಗಳು ಬರುತ್ತಿದ್ದವು. ನಮ್ಮ ಸರ್ಕಾರದ ವ್ಯಾನುಗಳೂ ಇದ್ದವು, ಅಮೆರಿಕದ ವಾರ್ತಾ ಸೇವೆಯ ವ್ಯಾನುಗಳೂ ದೇಶದ ಹಳ್ಳಿಗಳಲ್ಲಿ ಸುತ್ತುತ್ತಿದ್ದವು. ನಮ್ಮೂರಿಗೆ ಬಂದದ್ದು ಯಾರದೆಂದು ಯಾರೂ ಕೇಳಲಿಲ್ಲ. ಬಿಟ್ಟಿ ಸಿನಿಮಾಕ್ಕೆ ಗೋತ್ರ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಶಾಲೆಯ ಬಯಲಲ್ಲಿ ಎರಡು ಗಳ ನೆಟ್ಟು ಬಿಳಿ ಪರದೆ ಕಟ್ಟುತ್ತಿದ್ದರು. ಪರದೆಯ ಮುಂದೆ ದೊಡ್ಡವರು, ಹಿಂದೆ ನಾವು ಹುಡುಗರು. ಬಟ್ಟೆಯ ಹಿಂದಿನಿಂದಲೂ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು, ಎಡಬಲ ಮಾತ್ರ ಅದಲು ಬದಲು. ಟ್ರಾಕ್ಟರ್ ಹೊಲದ ಆ ಬದಿಗೆ ಹೋಯಿತು ಎಂದು ಅಪ್ಪ, ಈ ಬದಿಗೆ ಬಂತು ಎಂದು ನಾನು. ಕಾರ್ಖಾನೆಯಲ್ಲಿ ಸುತ್ತಿಗೆ ಹಿಡಿದವರೆಲ್ಲ ಎಡಚರು ಎಂಬುದರಲ್ಲಿ ಪರದೆಯ ಹಿಂದಿನ ಪಂಗಡಕ್ಕೆ ಅನುಮಾನವೇ ಇರಲಿಲ್ಲ.

ಟೆಂಟಿನಲ್ಲಿ ಕಾಸು ಕೊಟ್ಟು ಸಿನಿಮಾಕ್ಕೆ ಹೋದರೂ ಕಾರ್ಖಾನೆ ತಪ್ಪುತ್ತಿರಲಿಲ್ಲ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಜನ್‌ನ ವಾರ್ತಾಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಪ್ರತಿ ಆಟಕ್ಕೂ ಮೊದಲು ತೋರಿಸಲೇಬೇಕೆಂದು ಕಾನೂನೇ ಇತ್ತು. ಭಾಕ್ರಾ ಅಣೆಕಟ್ಟು, ಭಿಲಾಯಿಯ ಕುಲುಮೆ, ಕೆಂಪಗೆ ಕಾದು ಹರಿಯುವ ಉಕ್ಕು. ಬಣ್ಣವೇ ಇಲ್ಲದ ಚಿತ್ರದಲ್ಲಿ ಉಕ್ಕು ಕೆಂಪಗಿದೆ ಎಂದು ಹೇಳುವವನ ಗಂಭೀರ ದನಿಯನ್ನು ಕೇಳಿಯೇ ನಾವು ನಂಬಬೇಕಿತ್ತು. ಜನ ಆ ಹೊತ್ತಿನಲ್ಲಿ ಕಡಲೆಕಾಯಿ ಕೊಳ್ಳಲು ಹೋಗುತ್ತಿದ್ದರು. ದೇಶ ಕಟ್ಟುವ ಕೆಲಸವೆಲ್ಲ ಖಾಲಿ ಟೆಂಟಿನಲ್ಲೇ ನಡೆದುಹೋಯಿತು.

ನಿಜಕ್ಕೂ ಒಂದು ಅಮೆರಿಕನ್ ಕಾರ್ಖಾನೆ ನಮ್ಮ ಮೈಸೂರು ಸಂಸ್ಥಾನಕ್ಕೆ ಬಂದದ್ದುಂಟು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದಾಗ ಮೈಸೂರು ಸರ್ಕಾರವೂ ಬಂಡವಾಳ ಹಾಕಿತು. ಯಂತ್ರ, ನಕ್ಷೆ, ಎಂಜಿನಿಯರುಗಳನ್ನು ಹೊಂದಿಸಿಕೊಟ್ಟವನು ವಿಲಿಯಂ ಪಾಲಿ ಎಂಬ ಅಮೆರಿಕದ ವ್ಯಾಪಾರಿ. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿಂದ ಹಾರಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೇ ಹೋಗಿ, ಯುದ್ಧದಲ್ಲಿ ಜಖಂ ಆದ ಅವರ ವಿಮಾನಗಳು ಬೆಂಗಳೂರಿನಲ್ಲಿ ರಿಪೇರಿಯಾಗತೊಡಗಿದವು. ಯುದ್ಧ ಮುಗಿದ ಮೇಲೆ ಅದೇ ಕಾರ್ಖಾನೆ ರೈಲಿನ ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿತು. ಆಕಾಶಕ್ಕೆ ಹಾರಿದ ಕೈಗಳೇ ಕೆಳಗಿಳಿದು ನಮ್ಮ ಬಸ್ಸಿಗೆ ತಗಡು ಹೊಡೆದವು ಎಂದುಕೊಂಡರೆ, ಹಳೇ ಬಸ್ಸುಗಳು ಗುಂಡಿ ಬಂದಾಗಲೆಲ್ಲ ಯಾಕೆ ಹಾರುತ್ತಿದ್ದವು ಎಂಬುದಕ್ಕೆ ಕಾರಣ ಸಿಗುತ್ತದೆ.

ಊರೊಳಗಿನ ಅಮೆರಿಕ ಎಂದರೆ ದರ್ಜಿಯ ಅಂಗಡಿಯ ಸಿಂಗರ್ ಮಿಷನ್ನು. ಕಾಲಿಡುವ ಬೀಡು ಕಬ್ಬಿಣದ ಜಾಲರಿಯಲ್ಲಿ ಎರಕ ಹೊಯ್ದ ಹೆಸರು, ಕಪ್ಪು ಮೈ ಮೇಲೆ ಚಿನ್ನದ ಬಳ್ಳಿ. ಬಟ್ಟೆ ಉಜ್ಜುವ ಕಡೆ ಬಳ್ಳಿ ಪೂರಾ ಮಾಸಿ, ಸೂಜಿಯಿಂದ ದೂರದ ಕಂಬದ ಮೇಲೆ ಮಾತ್ರ ಎರಡು ಎಲೆ ಉಳಿದುಕೊಂಡಿವೆ. ಯಂತ್ರಗಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಇದಕ್ಕೊಂದು ರಿಯಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಸುಸ್ತಾಗುವುದನ್ನು ನೋಡಲಾರದೆ ಸಿಂಗರ್ ಈ ಯಂತ್ರವನ್ನು ಕಂಡುಹಿಡಿದ, ಇದರ ಹಿಂದೆ ಪ್ರೀತಿ ಇದೆ ಎಂಬುದು ಅವರ ಮಾತಿನ ಸಾರ. ಪ್ರೀತಿ ಇದ್ದದ್ದು ನಿಜವೇ. ಐಸಾಕ್ ಸಿಂಗರನಿಗೆ ಬೇರೆ ಬೇರೆ ಸಂಸಾರಗಳಲ್ಲಿ 20ಕ್ಕೂ ಹೆಚ್ಚು ಮಕ್ಕಳಿದ್ದರು. ಅಷ್ಟು ಮಕ್ಕಳಿಗೆ ಅಂಗಿ ಹೊಲಿಯಬೇಕೆಂದರೆ ಯಾರಾದರೂ ಮಿಷನ್ನು ಕಂಡುಹಿಡಿಯದೆ ವಿಧಿಯಿಲ್ಲ.

ನನ್ನಂಥ ಹಂಬಲದವರು ಮೈಸೂರಿನಲ್ಲೂ ಕಡಿಮೆಯೇನಿಲ್ಲ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಗಾಡಿಗಳನ್ನು ಉಜ್ಜಿ ಒರೆಸಿ ಬೀದಿಗೆ ತರುವವರಿದ್ದಾರೆ. ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗುವ ಗಾಡಿ ಅದು. ಎರಡು ಸೈಲೆನ್ಸರ್‌ಗಳಿಂದ ಹೊಗೆ ಬಿಡುತ್ತಾ ಅದು ಡುಗುಡುಗು ಎಂದರೆ ಆ ಸವಾರರ ಕಣ್ಣು ಒದ್ದೆಯಾಗುತ್ತದೆ. ಹೊಗೆಗೂ ಇರಬಹುದು. ಒಂದು ಸಲ ಈ ಮೆರವಣಿಗೆಯ ವಿಡಿಯೊ ತೋರಿಸಿ ಭಾವನನ್ನು ಕೇಳಿದೆ, "ನಿಮಗೂ ನಿಮ್ಮ ಕಾರ್ಖಾನೆ ನೆನಪಾಗ್ತದಾ?"

"ಆಗ್ತದೆ. ಹೊತ್ತಾರೆ ಆರಕ್ಕೆ ಸೈರನ್ನು. ಎರಡು ನಿಮಿಷ ತಡವಾದ್ರೆ ಅರ್ಧ ದಿನದ ಸಂಬಳ ಕಟ್ಟು. ನೀವು ಗಾಡಿ ಶಬ್ದಕ್ಕೆ ಅಳ್ತೀರಿ ಮೇಷ್ಟ್ರೇ, ನನ್ನ ಎಡಗಿವಿ ಆ ಶಬ್ದಕ್ಕೇ ಹೋದ್ದು."

ಭಾವನ ಕಿವಿಯ ಮಾತು ಕೇಳಿದ ಮೇಲೆ ನನ್ನ ಅಚ್ಚುಮೆಚ್ಚಿನ 'ಮಾಸ್ಟರ್ ಹ್ಯಾಂಡ್ಸ್' ಚಿತ್ರವನ್ನೂ ಬೇರೆ ಕಣ್ಣಿನಿಂದ ನೋಡಬೇಕಾಯಿತು. ನಾನು ಮೊದಲೇ ಹೇಳಿದ 1936ರ ಎರಕ ಹೊಯ್ಯುವ ಕಾಲವನ್ನು ಕಂಡದ್ದು ಅದರಲ್ಲೇ. ಫ್ಲಿಂಟ್ ಊರಿನ ಷೆವರ್ಲೆ ಕಾರ್ಖಾನೆಯಲ್ಲಿ ತೆಗೆದದ್ದು. ಮಾತು ಇಲ್ಲವೆನ್ನುವಷ್ಟು ಕಡಿಮೆ, ಭಾರಿ ವಾದ್ಯಮೇಳದ ಸಂಗೀತ, ಅದರ ತಾಳಕ್ಕೆ ಕಾರ್ಮಿಕರ ಕೈಗಳು. ಅಚ್ಚಿಗೆ ಮರಳು ತುಂಬುವ ಕೈ, ಎರಕ ಹೊಯ್ಯುವ ಕೈ, ಚಕ್ರ ಸಿಕ್ಕಿಸುವ ಕೈ. ಕೊನೆಗೆ ಹೊಚ್ಚ ಹೊಸ ಕಾರು. ಅದೇ ವರ್ಷ ಡಿಸೆಂಬರ್ 30ರಂದು ಅದೇ ಫ್ಲಿಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಮಿಕರು ಕೈ ಕಟ್ಟಿ ಕಾರ್ಖಾನೆಯೊಳಗೇ ಕೂತುಬಿಟ್ಟರು. 44 ದಿನ ಎದ್ದೇಳಲಿಲ್ಲ. ಕಂಪನಿ ಅವರ ಸಂಘವನ್ನು ಒಪ್ಪಿಕೊಂಡ ಮೇಲೆಯೇ ಯಂತ್ರ ತಿರುಗಿದ್ದು. ಕಂಪನಿಯವರು ಅಷ್ಟು ಹತ್ತಿರದಿಂದ ಕೈಗಳ ಚಿತ್ರ ತೆಗೆದರು, ಆ ಕೈಗಳು ಏನು ಕೇಳುತ್ತಿವೆ ಎಂದು ಮಾತ್ರ ನೋಡಲಿಲ್ಲ.

ಆದರೂ ನನ್ನ ಹಂಬಲ ಪೂರ್ತಿ ಇಳಿದಿಲ್ಲ. ನನಗೆ ಬೇಕಾಗಿರುವುದು ಆ ಕಾರ್ಖಾನೆ ಅಲ್ಲ, ಬನ್ನಿ ನೋಡಿ ಎಂದು ಬಾಗಿಲು ತೆಗೆಯುವ ಅದರ ಜಂಬ. ಈಗ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ಸುತ್ತಲಿನ ಊರುಗಳಿಂದ ದಿನವೂ ಹುಡುಗರು ಹುಡುಗಿಯರು ಕಂಪನಿ ಬಸ್ಸು ಹತ್ತುತ್ತಾರೆ. ಕಾಫಿ ಪುಡಿಯಿಂದ ಹಿಡಿದು ಸರ್ಕ್ಯೂಟ್ ಬೋರ್ಡಿನವರೆಗೆ ಅಲ್ಲಿ ಆಗದ್ದಿಲ್ಲ. ನಮ್ಮ ತಂಗಿಯ ಮಗಳನ್ನು, "ನಿನ್ನ ಕೆಲಸ ಏನವ್ವಾ?" ಎಂದು ಕೇಳಿದರೆ, "ಲೈನಲ್ಲಿ ಮಾವ" ಎನ್ನುತ್ತಾಳೆ. ಒಂದು ಫೋಟೊ ತೋರಿಸು ಎಂದರೆ ಫೋನು ತಿರುಗಿಸಿ ಹಿಂಬದಿ ತೋರಿಸಿದಳು. ಕ್ಯಾಮೆರಾ ಕಣ್ಣಿನ ಮೇಲೆ ಒಂದು ಕೆಂಪು ಚೀಟಿ. ಗೇಟಿನಲ್ಲೇ ಅಂಟಿಸುತ್ತಾರಂತೆ. ಅಂದು ಕಾರ್ಖಾನೆಗಳು ದುಡ್ಡು ಕೊಟ್ಟು ನೋಡಿಸಿಕೊಂಡವು, ಇಂದು ನೋಡಲು ಬಂದ ಕಣ್ಣಿಗೆ ಚೀಟಿ ಅಂಟಿಸುತ್ತವೆ.

ಹಾಗಾದರೆ ಬಿಳಿಗೆರೆಯ ಕೈಗಾರಿಕಾ ಚಿತ್ರವನ್ನು ನಾವೇ ತೆಗೆಯೋಣ ಎಂದು ಮೊಮ್ಮಗನನ್ನು ಕರೆದುಕೊಂಡು ರಾಗಿ ಮಿಲ್ಲಿಗೆ ಹೋದೆ. ಚೀಟಿ ಅಂಟಿಸುವವರಿಲ್ಲದ ಕಾರ್ಖಾನೆ ಅದೊಂದೇ. ಮಿಲ್ಲಿನವನ ಕೈಚಳಕವನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಬಟ್ಟೆಯ ತೋಳಿನಿಂದ ಸುರಿಯುವ ಹಿಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜುತ್ತಾನೆ. ಕಣ್ಣು ಇನ್ನೆಲ್ಲೋ, ಬಾಯಿ ಯಾರದೋ ಮದುವೆಯ ಮಾತಿನಲ್ಲಿ. ತರಿ ಕಂಡರೆ ಇನ್ನೊಂದು ಕೈ ತಾನಾಗಿಯೇ ತಿರುಪು ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ, ಒಳಗಿನ ಕಲ್ಲುಗಳು ಹತ್ತಿರವಾಗುತ್ತವೆ. ಜಾಮ್ ಹ್ಯಾಂಡಿ ಕಂಡಿದ್ದರೆ ವಾದ್ಯಮೇಳವನ್ನೇ ಕರೆಸುತ್ತಿದ್ದ.

ಸಿನಿಮಾ ಎಂದು ಗೊತ್ತಾದ ಮಿಲ್ಲಿನವನು ಒಳಗೆ ಹೋಗಿ ಸ್ನಾನ ಮಾಡಿ, ಸುತ್ತೂರು ಜಾತ್ರೆಗೆಂದು ಕೊಂಡ ರೇಷ್ಮೆ ಬಣ್ಣದ ಷರ್ಟು ಹಾಕಿ, ಹಣೆಗೆ ವಿಭೂತಿ ಬಳಿದುಕೊಂಡು ಬಂದ. ಷರ್ಟಿಗೆ ಹಿಟ್ಟು ತಾಗಬಾರದೆಂದು ಯಂತ್ರದಿಂದ ಮಾರು ದೂರ ನಿಂತ. ಕ್ಯಾಮೆರಾವನ್ನೇ ದಿಟ್ಟಿಸಿ ನಕ್ಕ. ಇಡೀ ಚೀಲ ರಾಗಿ ಮುಗಿಯುವವರೆಗೂ ಕೈ ಕಟ್ಟಿಕೊಂಡೇ ಇದ್ದ. ಸಿನಿಮಾ ಚೆನ್ನಾಗಿ ಬಂತು, ಹಿಟ್ಟು ತರಿತರಿಯಾಗಿ ಬಂತು.

ರಾತ್ರಿ ಅವ್ವ ತಟ್ಟೆ ದೂರ ತಳ್ಳಿದಳು. "ಇದು ಮುದ್ದೆಯಾ, ಮರಳಾ?" ಮಾರನೇ ದಿನ ಅದೇ ಹಿಟ್ಟನ್ನು ಹೊತ್ತುಕೊಂಡು ಮಿಲ್ಲಿಗೆ ಹೋದೆ. ಹಳೇ ಬನಿಯನ್ನಿನಲ್ಲಿದ್ದ ಮಿಲ್ಲಿನವನು ನನ್ನ ಹಿಂದೆ ಮುಂದೆ ಇಣುಕಿ ನೋಡಿದ.

"ಮೊಮ್ಮಗ ಬಂದಿಲ್ಲ ತಾನೇ ಮೇಷ್ಟ್ರೇ?"

"ಇಲ್ಲ."

"ಸರಿ, ಸುರೀರಿ" ಎಂದು ತೋಳಿನ ಕೆಳಗೆ ಕೈಯೊಡ್ಡಿದ. ಹಿಟ್ಟು ನುಣ್ಣಗೆ ಬಂತು. ದುಡ್ಡು ಎಷ್ಟು ಎಂದು ಕೇಳಿದೆ.

"ಡಬಲ್ಲು. ನಿನ್ನೆ ಆಕ್ಟಿಂಗಿಗೆ ಏನೂ ಕೊಟ್ಟಿಲ್ವಲ್ಲ ನೀವು."