ಕುಕ್ ಟೌನಿನ ಸೂಜಿ ಆಂಟಿ

ಕುಕ್ ಟೌನಿನಲ್ಲಿ ಎರಡು ಮೂರು ಬೀದಿಗೆ ಒಬ್ಬರಂತೆ ಸೂಜಿ ಆಂಟಿ ಇರುತ್ತಾರೆ. ಈ ಹುದ್ದೆಗೆ ಅವರನ್ನು ನೇಮಿಸಿದವರು ಯಾರೂ ಇಲ್ಲ; ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ವಯಸ್ಸು ಐವತ್ತೈದರ ಮೇಲೆ. ಕನ್ನಡಕ ಎರಡು: ಒಂದು ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಹುಡುಕುತ್ತಿರುವುದು ಮೂರನೆಯದನ್ನು. ಸೀರೆಯುಟ್ಟಿದ್ದರೆ ಸೆರಗಿಗೆ, ನೈಟಿಯಾದರೆ ಹೆಗಲ ಬಳಿ, ದಾರ ಪೋಣಿಸಿದ ಒಂದು ಸೂಜಿ ಚುಚ್ಚಿಕೊಂಡಿರುತ್ತದೆ. ರಜೆಗೆ ಬಂದು ಅಪ್ಪಿಕೊಳ್ಳುವ ಮೊಮ್ಮಕ್ಕಳು ಇದನ್ನು ಒಮ್ಮೆ ಅನುಭವದಿಂದ ಕಲಿತು, ಆಮೇಲೆ ಪಕ್ಕದಿಂದ ಅಪ್ಪಿಕೊಳ್ಳುತ್ತಾರೆ.

ಜಾತಿ, ಮತ, ಮಾತೃಭಾಷೆಗಳಿಂದ ಸೂಜಿ ಆಂಟಿಯನ್ನು ಗುರುತಿಸಲಾಗದು. 1898ರ ಪ್ಲೇಗಿನ ನಂತರ ದಂಡು ಪ್ರದೇಶದ ಇಕ್ಕಟ್ಟು ಬಿಟ್ಟು ಜನ ಪೂರ್ವಕ್ಕೆ ಹರಡಿಕೊಂಡ ಈ ಬಡಾವಣೆಗಳಲ್ಲಿ ತಮಿಳರು, ಆಂಗ್ಲೋ ಇಂಡಿಯನ್ನರು, ಮಂಗಳೂರಿನವರು, ಉರ್ದು ಮಾತಿನವರು, ಮಲಯಾಳಿಗಳು ಒಂದೇ ಕಾಂಪೌಂಡಿನ ಆಚೀಚೆ ಬದುಕಿದ್ದಾರೆ. ಹುಬ್ಬಳ್ಳಿ ಧಾರವಾಡದ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ಉಳಿದವರೂ ಇದ್ದಾರೆ. ಹೊಲಿಗೆಯ ಲೆಕ್ಕದಲ್ಲಿ ಮಾತ್ರ ಇವರೆಲ್ಲ ಎರಡೇ ಪಂಥ. ಮೊದಲನೆಯದು ಕಾನ್ವೆಂಟ್ ಪಂಥ. ಶಾಲೆಯ ನೀಡಲ್‌ವರ್ಕ್ ಪೀರಿಯಡ್ಡಿನಲ್ಲಿ ಸಿಸ್ಟರ್ ಬಟ್ಟೆಯ ಹಿಂಬದಿ ತಿರುಗಿಸಿ ನೋಡಿ ಮಾರ್ಕು ಕೊಡುತ್ತಿದ್ದ ಕಾಲದವರು. ಕಾಜಾ, ಹೆಮ್ಮಿಂಗ್, ಸ್ಮಾಕಿಂಗ್, ಕ್ರೋಶಾ ಇವರ ಕ್ಷೇತ್ರ. ಇವರ ಮನೆಯಲ್ಲಿ ಟೀವಿ, ಫ್ರಿಜ್ಜು, ನೀರಿನ ಹೂಜಿ, ಯಾವುದೂ ಬರಿಮೈಯಲ್ಲಿ ಇರುವುದಿಲ್ಲ. ಎರಡನೆಯದು ಕೌದಿ ಪಂಥ. ಅಜ್ಜಿಯ ಪಕ್ಕ ಕೂತು, ಹಳೆ ಸೀರೆಯ ಮೇಲೆ ಚೂರು ಬಟ್ಟೆ ಹರಡಿ, ಉದ್ದನೆಯ ಓಟದ ಹೊಲಿಗೆ ಹಾಕುತ್ತಾ ಕಲಿತವರು. ಕೌದಿಯ ಸಾಲು ಸೊಟ್ಟ ಎಂದು ಮೊದಲ ಪಂಥದ ಆಕ್ಷೇಪ. ಕ್ರೋಶಾ ಹೊದ್ದರೆ ಚಳಿ ಹೋಗುತ್ತದೆಯೇ ಎಂದು ಎರಡನೆಯ ಪಂಥದ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಮೂವತ್ತು ನಲವತ್ತು ವರ್ಷ ಅಕ್ಕಪಕ್ಕ ಬಾಳಿದ ಮೇಲೆ ಎರಡೂ ಪಂಥಗಳ ಚಟ ಒಬ್ಬರಿಗೇ ಅಂಟಿಕೊಳ್ಳುತ್ತದೆ. ಪೂರ್ಣಾವಸ್ಥೆಯ ಸೂಜಿ ಆಂಟಿ ಎಂದರೆ ಅದು.

ಅವರ ಕಷ್ಟವೆಲ್ಲ ಬೇಸಿಗೆಯಲ್ಲಿದೆ. ಕೌದಿ ಮೂಲತಃ ಬೇಸಿಗೆಯ ಕೆಲಸ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಹೊಲ ಖಾಲಿಯಾದಾಗ ಹೆಂಗಸರ ಕೈಗೆ ಬಿಡುವು ಸಿಗುತ್ತದೆ. ಮಳೆ ಹಿಡಿಯುವುದರೊಳಗೆ ಹೊದಿಕೆ ಸಿದ್ಧವಾಗಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ನೋಡಿದರೆ ಆ ಬಿಡುವಿನ ಅಳತೆ ಗೊತ್ತಾಗುತ್ತದೆ. ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಚೂರು ಸೇರಿಸುವುದೂ ಪದರ ಹೊಲಿಯುವುದೂ ಒಂದೇ ಓಟದಲ್ಲಿ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಫೂಲಾ ಎಂಬ ತ್ರಿಕೋನ ಕೂರಿಸದಿದ್ದರೆ ಕೌದಿ ಪೂರ್ತಿಯಾದ ಲೆಕ್ಕವಿಲ್ಲ. ಕುಕ್ ಟೌನಿನ ಆಂಟಿ ಈ ಪಂಚಾಂಗವನ್ನೇ ನಂಬಿ ಮಾರ್ಚ್ ಕೊನೆಗೆ ಚೂರುಗಳ ಗಂಟು ಬಿಚ್ಚುತ್ತಾರೆ. ಇಲ್ಲಿ ಹೊಲವಿಲ್ಲ, ಸುಗ್ಗಿಯೂ ಇಲ್ಲ. ಬಿಡುವು ಮಾತ್ರ ಅದೇ ತಿಂಗಳಲ್ಲಿ ಊರು ಬಿಟ್ಟು ಹೋಗಿರುತ್ತದೆ.

ಯುಗಾದಿಗೆ ಹೊಸ ಸೀರೆಗಳಿಗೆ ಫಾಲ್, ಪೀಕೋ. ಕಳೆದ ಕೆಲವು ವರ್ಷ ರಂಜಾನ್ ಕೂಡ ಬೇಸಿಗೆಯ ಬಾಯಿಗೇ ಬಂದಿದೆ. ಪಕ್ಕದ ಮನೆಯಿಂದ ಶೀರ್ ಖುರ್ಮಾ ಬಂದ ಬಟ್ಟಲನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಈಸ್ಟರ್ ಕಳೆದ ಮೇಲೆ ಮೊದಲ ಪರಮಪ್ರಸಾದ ಸ್ವೀಕರಿಸುವ ಹುಡುಗಿಯರ ಬಿಳಿ ಫ್ರಾಕುಗಳು ಒಂದೊಂದಾಗಿ ಬಂದು ಬಾಗಿಲ ಹಿಂದಿನ ಮೊಳೆಗೆ ನೇತು ಬೀಳುತ್ತವೆ. ಹಲಸೂರಿನ ಪಲ್ಲಕ್ಕಿ ನೋಡಲು ನೆಂಟರನ್ನು ಕರೆದೊಯ್ಯಬೇಕು. ಪಾರ್ಕಿನ ಸಮ್ಮರ್ ಕ್ಯಾಂಪಿಗೆ ಯಾರೋ ಆಂಟಿಯ ಹೆಸರನ್ನು ಅವರನ್ನು ಕೇಳದೆಯೇ ಕೊಟ್ಟಿರುತ್ತಾರೆ. ಅಲ್ಲಿ ಇಪ್ಪತ್ತು ಮಕ್ಕಳಿಗೆ ಗುಂಡಿ ಹಚ್ಚುವುದನ್ನು ಕಲಿಸಬೇಕು. ಹತ್ತೊಂಬತ್ತು ಮಕ್ಕಳು ಗುಂಡಿಯನ್ನು ತಾವು ಹಾಕಿಕೊಂಡ ಬಟ್ಟೆಗೇ ಹಚ್ಚಿಕೊಳ್ಳುತ್ತಾರೆ. ಮೇ ತಿಂಗಳ ಮದುವೆಗಳನ್ನು ಎಣಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಇದರ ಮೇಲೆ ಧಾರವಾಡ, ಮಂಗಳೂರು, ಚೆನ್ನೈಗಳಿಂದ ‘ಬೆಂಗಳೂರು ತಂಪು’ ಎಂದು ಬಂದಿಳಿದ ಬಂಧುಗಳು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾದ ಸುದ್ದಿ ಅವರನ್ನು ಇನ್ನೂ ಮುಟ್ಟಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರ್ ಕಾಯುವುದೂ ದಿನಚರಿಗೆ ಸೇರಿತು.

ಮನೆಯೊಳಗಿನ ವ್ಯಾಜ್ಯವೇ ಬೇರೆ. ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಸೀರೆ ಕೌದಿಗೆ ಅಡಿಪಾಯ. ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಅದೇ ಸೀರೆ ಮಹಡಿಯ ಮೇಲೆ ಸಂಡಿಗೆ ಇಡುವುದಕ್ಕೂ ಬೇಕು. ಏಪ್ರಿಲ್‌ನಲ್ಲಿ ಒಂದೇ ಸೀರೆಗೆ ಅತ್ತೆ, ಸೊಸೆ ಇಬ್ಬರೂ ಹಕ್ಕುದಾರರು. ಸಂಡಿಗೆಯ ಗಂಜಿ ಬಿದ್ದ ಸೀರೆ ಒಣಗಿ ಸೆಟೆದುಕೊಂಡು, ಹೊದ್ದವರನ್ನು ರಾತ್ರಿಯಿಡೀ ಚುಚ್ಚುತ್ತದೆ ಎಂದು ಆಂಟಿಯ ವಾದ. ಕೌದಿಯನ್ನು ಕರಿದು ತಿನ್ನಲಾಗುವುದಿಲ್ಲ ಎಂದು ಎದುರು ಪಕ್ಷ. ಸಾಮಾನ್ಯವಾಗಿ ಸಂಡಿಗೆ ಗೆಲ್ಲುತ್ತದೆ. ನಷ್ಟ ತುಂಬಿಕೊಳ್ಳಲು ಆಂಟಿಯ ಕಣ್ಣು ಅಂಕಲ್ ಅವರ ಬೀರುವಿನ ಕಡೆ ಹೊರಳುತ್ತದೆ. ಚೌಕಳಿ ಅಂಗಿಯೊಂದು ಕಾಣೆಯಾಗಿ, ಮಳೆಗಾಲದಲ್ಲಿ ಹೊದಿಕೆಯ ಎಡ ಮೂಲೆಯಲ್ಲಿ ಜೇಬಿನ ಸಮೇತ ಪತ್ತೆಯಾದ ಪ್ರಕರಣಗಳಿವೆ.

ಇಷ್ಟರ ನಡುವೆ ಹೊಲಿಗೆ ಸಾಗಬೇಕಾದರೆ ಯಾವ ಕೆಲಸ ಎಲ್ಲಿಗೆ ಎಂಬ ವಿವೇಕ ಬೇಕು, ಆಂಟಿಯ ನಿಜವಾದ ವಿದ್ಯೆ ಇದೇ. ಕ್ರೋಶಾ ಕ್ಯೂಗಳಿಗೆ. ಡಾಕ್ಟರ ಶಾಪಿನಲ್ಲಿ, ಟ್ಯಾಂಕರ್ ಕಾಯುವ ಗೇಟಿನಲ್ಲಿ ಕಡ್ಡಿ ಆಡುತ್ತಿರುತ್ತದೆ. ಎದ್ದು ನಿಲ್ಲಬೇಕಾದರೆ ಕುಣಿಕೆಯನ್ನು ಒಂದಿಷ್ಟು ಎಳೆದು ದೊಡ್ಡದು ಮಾಡಿ ಚೀಲಕ್ಕೆ ತುರುಕಿದರಾಯಿತು. 2023ರ ಮೇ 10ರಂದೂ 2024ರ ಏಪ್ರಿಲ್ 26ರಂದೂ ಮತದಾನದ ಸಾಲಿನಲ್ಲಿ ಬೆಳೆದ ಟೇಬಲ್ ಮ್ಯಾಟುಗಳು ಈ ಭಾಗದ ಮನೆಗಳಲ್ಲಿ ಇದ್ದರೆ ಆಶ್ಚರ್ಯಪಡಬೇಕಿಲ್ಲ. ಕೌದಿಗೆ ಮಾತು ಬೇಕು. ಓಟದ ಹೊಲಿಗೆ ಕೈಗೆ ಬಿಟ್ಟ ಕೆಲಸ, ಬಾಯಿ ಖಾಲಿ ಇರುತ್ತದೆ. ಆದ್ದರಿಂದ ನೆಂಟರು ಬಂದ ಮಧ್ಯಾಹ್ನ ಅದನ್ನು ನಡುಮನೆಯಲ್ಲಿ ಹರಡಿ, ಬಂದವರನ್ನು ನಾಲ್ಕೂ ಅಂಚಿಗೆ ಕೂರಿಸಿ, ಕೈಗೊಂದು ಸೂಜಿ ಕೊಡುತ್ತಾರೆ. ಮದುವೆ ಮುರಿದದ್ದು, ಆಸ್ತಿ ಪಾಲಾದದ್ದು, ಎಸ್ಸೆಸ್ಸೆಲ್ಸಿ ರಿಸಲ್ಟು, ಎಲ್ಲ ಅಲ್ಲೇ ಹೊರಬರುತ್ತದೆ. ಬಿಸಿ ಬಿಸಿ ಸುದ್ದಿ ಬಂದ ಕಡೆ ಹೊಲಿಗೆ ಉದ್ದವಾಗಿರುತ್ತದೆ. ನೆಂಟರು ಹೋದ ಮೇಲೆ ಆಂಟಿ ಅಷ್ಟು ಭಾಗವನ್ನು ಸದ್ದಿಲ್ಲದೆ ಬಿಚ್ಚುತ್ತಾರೆ.

ಕಸೂತಿ ಮಾತ್ರ ಯಾವ ಹೊಂದಾಣಿಕೆಗೂ ಒಪ್ಪುವುದಿಲ್ಲ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಧಾರವಾಡ ಸೀಮೆಯ ಈ ಕಲೆಯಲ್ಲಿ ಬಟ್ಟೆಯ ಎಳೆ ಎಣಿಸಬೇಕು, ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಸ್ವಭಾವತಃ ಹಠಮಾರಿ. ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿಯುತ್ತಾ ಹೋಗಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಅದೇ ದಾರಿಯಲ್ಲಿ ಮರಳಬೇಕು. ಆಗಷ್ಟೇ ಎರಡೂ ಬದಿ ಒಂದೇ ಸಮ ಕಾಣುವುದು. ಗೋಪುರದ ತುದಿ ಮುಟ್ಟುವ ಹೊತ್ತಿಗೆ ಕಾಲಿಂಗ್ ಬೆಲ್ ಹೊಡೆಯುತ್ತದೆ. ಕೊರಿಯರ್. ಎಣಿಕೆ ತಪ್ಪುತ್ತದೆ. ಮತ್ತೆ ಬುಡದಿಂದ ಎಣಿಸಿದರೆ ಗ್ಯಾಸ್ ಸಿಲಿಂಡರ್. ಕುಕ್ ಟೌನಿನ ಬೇಸಿಗೆ ಕಸೂತಿಯನ್ನು ಬಹಳ ದೂರದಿಂದಲೇ ಗುರುತು ಹಿಡಿಯಬಹುದು: ಗೋಪುರ, ತೇರು, ಆನೆ, ತುಳಸಿಕಟ್ಟೆ, ಎಲ್ಲವೂ ಚುಕ್ಕೆ ಚುಕ್ಕೆಯಾಗಿ ನಿಂತಿರುತ್ತವೆ. ಹೋದವರು ಇನ್ನೂ ಮರಳಿಲ್ಲ.

ಸೂಜಿ ಆಂಟಿಯ ಸಮಯ ತಿನ್ನುವುದು ದೊಡ್ಡ ಕೆಲಸಗಳಿಗಿಂತ ಸಣ್ಣವೇ. ಬಾಗಿಲಲ್ಲಿ ಪಕ್ಕದ ಬೀದಿಯ ಹುಡುಗಿ ಬ್ಲೌಸು ಹಿಡಿದು ನಿಲ್ಲುತ್ತಾಳೆ.

“ಆಂಟಿ, ಎರಡೇ ಎರಡು ಹೊಲಿಗೆ. ಅರ್ಜೆಂಟೇನಿಲ್ಲ, ಸಂಜೆ ರಿಸೆಪ್ಷನ್‌ಗೆ ಹಾಕ್ಕೋಬೇಕು ಅಷ್ಟೇ.”

“ಇಟ್ಟು ಹೋಗಮ್ಮ, ನೋಡ್ತೀನಿ.”

‘ನೋಡ್ತೀನಿ’ ಎಂದರೆ ಕೂಡಲೇ ಕೂತು ಮಾಡುವುದು. ಹೊಲಿಗೆ ಎರಡಲ್ಲ, ಎರಡೂ ಬದಿ ಬಿಚ್ಚಿ ಒಂದೊಂದು ಇಂಚು ಬಿಡಬೇಕು, ಹುಕ್ಕು ಸರಿಸಬೇಕು, ತೋಳಿನ ಲೈನಿಂಗ್ ಹರಿದದ್ದು ಆಗ ಕಣ್ಣಿಗೆ ಬೀಳುತ್ತದೆ. ಇದಕ್ಕೆ ದುಡ್ಡು ತೆಗೆದುಕೊಳ್ಳುವುದು ಅವಮಾನ. ಬದಲಿಗೆ ಎರಡು ರಸಪುರಿ ಹಣ್ಣು ಬರುತ್ತದೆ, ಅದರ ಸೊನೆ ಬಿಳಿ ಫ್ರಾಕಿಗೆ ತಾಗುತ್ತದೆ, ಅದನ್ನು ತೆಗೆಯಲು ಒಂದು ಸಂಜೆ ಹೋಗುತ್ತದೆ.

ಸೆಕೆಗೂ ಉಪಾಯವುಂಟು. ಬೆವರಿಗೆ ಸೂಜಿ ಜಾರದಂತೆ ಬೆರಳಿಗೆ ಪೌಡರು. ಸೂಜಿ ಸರಾಗವಾಗಿ ಇಳಿಯಲು ಎಣ್ಣೆ ಹಚ್ಚಿದ ತಲೆಗೂದಲಿಗೆ ಒಮ್ಮೆ ಉಜ್ಜುವುದು. ಮಡಿಲಲ್ಲಿ ಮೂರು ಪದರದ ಕೌದಿ ಹರಡಿಕೊಂಡು, ಫ್ಯಾನು ಹಾಕಿದರೆ ಚೂರು ಹಾರುತ್ತವೆಂದು ಅದನ್ನೂ ಆರಿಸಿ ಕೂತವರನ್ನು ಕಂಡ ಮಗ ಎಸಿ ಹಾಕಿಸುವ ಮಾತೆತ್ತುತ್ತಾನೆ. ಆ ದುಡ್ಡಿಗೆ ದಾರ ಎಷ್ಟು ಬರುತ್ತದೆಂದು ಆಂಟಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ.

ದಾರದ ವಿಷಯದಲ್ಲಿ ಅವರನ್ನು ನಂಬಬಾರದು. ಎಂಟು ಮೀಟರಿನ ಒಂದು ಲಡಿ ಆ್ಯಂಕರ್ ದಾರದಲ್ಲಿ ಆರು ಎಳೆ. ಎರಡೆಳೆಯಂತೆ ಬಳಸಿದರೆ ಇಪ್ಪತ್ತನಾಲ್ಕು ಮೀಟರ್ ಹೊಲಿಗೆ. ಮನೆಯಲ್ಲಿರುವ ಲಡಿಗಳು ಇನ್ನೊಂದು ತಲೆಮಾರಿಗೆ ಸಾಕು. ಆದರೂ ಒಂದು ತುಣುಕು ಹಸಿರು ದಾರವನ್ನು ಪರ್ಸಿನಲ್ಲಿಟ್ಟು, ಶಿವಾಜಿನಗರದ ಇಬ್ರಾಹಿಂ ಸಾಹೇಬ್ ಬೀದಿಗೆ ಆಟೋ ಹತ್ತುತ್ತಾರೆ. ಅಂಗಡಿಯವನು ಹದಿನಾಲ್ಕು ಬಗೆಯ ಹಸಿರು ಹರಡುತ್ತಾನೆ. ಬೀದಿಗೆ ತಂದು ಬಿಸಿಲಿಗೆ ಹಿಡಿದು ನೋಡಿ, ಯಾವುದೂ ಹೊಂದದೆ, ಲೇಸು, ಗುಂಡಿ, ನೀಲಿ ದಾರ ಕೊಂಡು ಬರುತ್ತಾರೆ. ದಾರಿಯಲ್ಲಿ ಪರಿಚಯದ ಟೈಲರ್ ಎತ್ತಿಟ್ಟ ಕಟಿಂಗ್ ಚೂರುಗಳ ಚೀಲವೂ ಸೇರಿಕೊಳ್ಳುತ್ತದೆ. ಹೀಗೆ ಬೇಸಿಗೆಯಲ್ಲಿ ಕೌದಿ ಬೆಳೆಯದಿದ್ದರೂ ಅದರ ಕಚ್ಚಾ ಸಾಮಗ್ರಿ ಬೆಳೆಯುತ್ತಲೇ ಇರುತ್ತದೆ.

ಜೂನ್ ಮೊದಲ ವಾರ ಶಾಲೆ ತೆರೆದು, ನೆಂಟರು ರೈಲು ಹತ್ತಿ, ಮಳೆ ಹಿಡಿದ ಮೇಲೆ ಆಂಟಿ ಬಾಗಿಲು ಹಾಕಿ ಕೂರುತ್ತಾರೆ. ಹಳ್ಳಿಯಲ್ಲಿ ಹೊದೆಯುವ ಹೊತ್ತಿಗೆ ಇಲ್ಲಿ ಹೊಲಿಗೆ ಶುರು. ಆಷಾಢದಲ್ಲಿ ಮದುವೆಗಳಿಲ್ಲದ್ದರಿಂದ ಬ್ಲೌಸುಗಳ ಕಾಟವೂ ಕಡಿಮೆ. ಅಡಿಪಾಯಕ್ಕೆ ಹಳೆಯ ಹತ್ತಿ ಸೀರೆ ಬೇಕಾಗಿರುವುದು ಈ ಹೊತ್ತಿನಲ್ಲೇ. ಇದ್ದವರು ತೊಳೆದು, ಒಣಗಿಸಿ, ಮಧ್ಯಾಹ್ನ ಮೂರರ ಮೇಲೆ ತಂದುಕೊಡಬಹುದು. ಪಾಲಿಯೆಸ್ಟರ್ ದಯವಿಟ್ಟು ಬೇಡ.