ಬಿಡಿಯೋ, ಇಡಿಯೋ?

ಅವಿಭಕ್ತ ಕುಟುಂಬ ಒಡೆಯುವಾಗ ದುಡಿಯುವ ಮಗನನ್ನು ಎಲ್ಲರೂ ತಮ್ಮ ಕಡೆಗೆ ಕರೆಯುತ್ತಾರೆ, ಕೆಮ್ಮುವ ಮಾವನನ್ನು ಯಾರೂ ಕರೆಯುವುದಿಲ್ಲ. ನಮ್ಮ ಅಟ್ಟದ ಮೇಲಿರುವ ಕಮಾಂಡ್ ಸೆಟ್ಟಿನದೂ ಇದೇ ಹಣೆಬರಹ.

ಎರಡನೇ ಮಹಾಯುದ್ಧದ ಅಮೆರಿಕನ್ ವಿಮಾನಗಳ ರೇಡಿಯೊ ಅದು, ಎಸ್‌ಸಿಆರ್-274-ಎನ್. 453, 454, 455 ಎಂಬ ಮೂರು ರಿಸೀವರುಗಳು ಒಂದೇ ರ‍್ಯಾಕಿನಲ್ಲಿ ಮೈಗೆ ಮೈ ತಾಗಿಸಿ ಕೂತಿವೆ. ಒಂದೊಂದರ ಬೆನ್ನ ಮೇಲೂ ವಿಮಾನದ 28 ವೋಲ್ಟನ್ನು 250 ಮಾಡುವ ಡೈನಮೋಟರ್. ಚಾಲೂ ಮಾಡಿದರೆ ಕುಂಯ್‌ಗುಡುತ್ತದೆ. ಪೈಲಟ್ ಮುಂದೆ ಕೂತು ಪುಟ್ಟ ಹಿಡಿ ತಿರುಗಿಸಿದರೆ, ಬಾಗುವ ಉದ್ದನೆಯ ಕೇಬಲ್ಲಿನ ಮೂಲಕ ಹಿಂದೆಲ್ಲೋ ಇರುವ ರಿಸೀವರಿನ ಹಲ್ಲುಚಕ್ರ ತಿರುಗಿ ಸ್ಟೇಷನ್ ಬದಲಾಗುತ್ತಿತ್ತು. 1940ರಲ್ಲಿ ಶುರುವಾದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಯುದ್ಧದ ಕಾಲಕ್ಕೆ ಅಮೆರಿಕನ್ ವಿಮಾನಗಳ ರಿಪೇರಿ ನಡೆಯುತ್ತಿತ್ತಲ್ಲ, ಈ ಸೆಟ್ಟು ಅಲ್ಲಿಂದಲೇ ಬಂದದ್ದೆಂದು ಸಂಡೇ ಬಜಾರಿನ ವ್ಯಾಪಾರಿ ತಾಯಾಣೆ ಹಾಕಿದ್ದ. ಆಣೆಯ ಬೆಲೆಯನ್ನೂ ಸೇರಿಸಿಯೇ ತೆಗೆದುಕೊಂಡ.

ಈಗ ಮನೆಗೆ ಸುಣ್ಣಬಣ್ಣ. "ರೀ, ಅಟ್ಟ ಖಾಲಿ ಆಗ್ಬೇಕು" ಎಂದು ಹೈಕಮಾಂಡಿನ ಆದೇಶ.

ಮೈಸೂರಿನ ಹವ್ಯಾಸಿ ರೇಡಿಯೊ (ಹ್ಯಾಮ್) ಮಿತ್ರರೊಬ್ಬರು ಸೆಟ್ಟು ಮಾರುವ ಸುದ್ದಿ ಕೇಳಿದೊಡನೆ ಫೋನ್ ಮಾಡಿದರು. ಅವರಿಗೆ 453 ಒಂದೇ ಸಾಕು. ಮನೆಯ ದುಡಿಯುವ ಮಗ ಅವನೇ. ಒಳಗಿನ ಐಎಫ್ (ಮಧ್ಯಂತರ ಆವರ್ತನ) ಬರೀ 85 ಕಿಲೋಹರ್ಟ್ಸ್ ಆದ್ದರಿಂದ, ಬೇರೊಂದು ರಿಸೀವರಿಗೆ ಜೋಡಿಸಿದರೆ ಒಂದರ ಮೇಲೊಂದು ಬಿದ್ದ ಸ್ಟೇಷನ್ನುಗಳನ್ನೂ ಬಿಡಿಸಿ ಕೇಳಿಸುತ್ತಾನೆ. ಯುದ್ಧ ಮುಗಿದ ಮೇಲೆ ಅಮೆರಿಕದ ಹ್ಯಾಮ್‌ಗಳು ಇವನನ್ನು 'ಕ್ಯೂ-ಫೈವರ್' ಎಂದು ಕರೆದು ತಲೆ ಮೇಲೆ ಹೊತ್ತುಕೊಂಡಿದ್ದರು. ಅಣ್ಣ ಹೋದರೆ ತಮ್ಮಂದಿರ ಗತಿ? ಸೆಟ್ಟು ಒಡೆಯುವುದಿಲ್ಲ ಎಂದೆ.

ಆಮೇಲೆ ಪಬ್ಬುಗಳಿಗೆ ಅಲಂಕಾರ ಮಾಡುವ ಹುಡುಗಿಯೊಬ್ಬಳು ಬಂದಳು. ಈ ರಿಸೀವರುಗಳ ಮುಖ ಅಂಗೈಯಗಲ, ಮೈ ಮಾತ್ರ ಹಿಂದಕ್ಕೆ ಸುಮಾರು ಒಂದಡಿ. "ಅಂಕಲ್, ಮುಂದಿನ ಎರಡಿಂಚು ಕೊಯ್ದು ಕೊಡಿ, ಗೋಡೆಗೆ ಅಂಟಿಸ್ಬೇಕು" ಎಂದಳು. ಕಾಫಿ ಕೊಟ್ಟು ಕಳಿಸಿದೆ. ಸಕ್ಕರೆ ಹಾಕಲಿಲ್ಲ.

ಪೂರ್ತಿ ಬೇಕು ಎಂದವನು ಒಬ್ಬನೇ, ಗುಜರಿಯವನು. ನನಗೆ ಕಣ್ಣು ತುಂಬಿ ಬಂತು.

"ಒಡೆಯಲ್ಲ ತಾನೇ?"

"ಛೆ, ಇಲ್ಯಾಕೆ ಒಡೀಲಿ ಸಾರ್? ಅಂಗಡೀಗೆ ಹೋಗಿ ಒಡೀತೀನಿ. ಅಲ್ಯೂಮಿನಿಯಂ ಬೇರೆ, ತಾಮ್ರ ಬೇರೆ."

ಕೊನೆಗೆ ಒಂದು ಉಪಾಯ ಹೂಡಿದೆ. 453ಕ್ಕೆ ಮಾತ್ರ ದುಡ್ಡು; ಅದನ್ನು ಕೊಂಡವರಿಗೆ ತಮ್ಮಂದಿರು, ಡೈನಮೋಟರುಗಳು, ರ‍್ಯಾಕು, ಕೇಬಲ್ಲು ಎಲ್ಲವೂ ಉಚಿತ. ಹೀಗಾದರೆ ಬಿಡಿ ಮಾರಿದ ಹಾಗೂ ಆಯಿತು, ಇಡಿಯಾಗಿ ಸಾಗಹಾಕಿದ ಹಾಗೂ ಆಯಿತು. ಮೈಸೂರಿಗೆ ಫೋನ್ ಹಚ್ಚಿ ವಿವರಿಸಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

"ಸಾರ್, ಬೇಕಾದ್ರೆ ಐನೂರು ಜಾಸ್ತಿ ಕೊಡ್ತೀನಿ" ಎಂದರು ಮಿತ್ರರು, "ಉಳಿದದ್ದು ನಿಮ್ಮ ಹತ್ರಾನೇ ಇರ್ಲಿ. ನಮ್ಮನೇಲೂ ಅಟ್ಟ ಇದೆ, ಹೆಂಡ್ತೀನೂ ಇದ್ದಾಳೆ."