ಪದ್ಮಿನಿಯ ಜೀರ್ಣೋದ್ಧಾರಕ

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಂತಹ ಹಳೆಯ ಬಡಾವಣೆಗಳಲ್ಲಿ ಯಾವುದಾದರೂ ಮನೆಯ ಗೇಟಿನೊಳಗೆ, ನೀಲಿ ಟಾರ್ಪಾಲಿನಡಿ, ಚಕ್ರಗಳಿಲ್ಲದೆ ಇಟ್ಟಿಗೆಗಳ ಮೇಲೆ ನಿಂತ ಪ್ರೀಮಿಯರ್ ಪದ್ಮಿನಿ ಕಾರೊಂದು ಕಂಡುಬಂದರೆ, ಆ ಮನೆಯಲ್ಲಿ ಜೀರ್ಣೋದ್ಧಾರಕನೊಬ್ಬನಿದ್ದಾನೆಂದು ನಿಸ್ಸಂದೇಹವಾಗಿ ತಿಳಿಯಬಹುದು. ಈ ವರ್ಗದ ಪುರುಷನು ಸಾಮಾನ್ಯವಾಗಿ ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದವನಾಗಿದ್ದು, ಆ ಕಾರು ಅವನ ತಂದೆ ಹಣ ಕಟ್ಟಿ, ವರ್ಷಗಟ್ಟಲೆ ಸರದಿ ಕಾದು ಕೊಂಡುಕೊಂಡದ್ದಾಗಿರುತ್ತದೆ. ಇಟಲಿಯ ಫಿಯಟ್ 1100 ಮಾದರಿಯ ಆಧಾರದ ಮೇಲೆ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ವಾಹನಕ್ಕೆ 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರು ಬಂದಿತೆಂಬುದನ್ನೂ, ಅದರ ಎಂಜಿನ್ 1,089 ಸಿ.ಸಿ. ಗಾತ್ರದ್ದೆಂಬುದನ್ನೂ ಅವನು ಸಂಬಂಧಿಕರಿಗೆ ಮಾತ್ರವಲ್ಲದೆ, ಗ್ಯಾಸ್ ಸಿಲಿಂಡರ್ ಇಳಿಸಿ ಸಹಿಗಾಗಿ ಕಾಯುತ್ತಿರುವ ಹುಡುಗನಿಗೂ ವಿವರಿಸಬಲ್ಲನು.

ಜೀರ್ಣೋದ್ಧಾರದ ಮೊದಲ ಹಂತ ಬಿಚ್ಚುವುದು. ಇದರಲ್ಲಿ ಅವನಿಗೆ ಸರಿಸಾಟಿಯಿಲ್ಲ. ಬಿಚ್ಚಿದ ನಟ್ಟು ಬೋಲ್ಟುಗಳು ಚಟ್ನಿಪುಡಿಯ ಡಬ್ಬಿಗಳನ್ನು ಸೇರಿ, ಚಟ್ನಿಪುಡಿ ಪ್ಲಾಸ್ಟಿಕ್ ಕವರನ್ನು ಸೇರುತ್ತದೆ. ಎರಡನೆಯ ಹಂತ ಜೋಡಿಸುವುದು. ಆ ಕುರಿತು ಲಭ್ಯವಿರುವ ಮಾಹಿತಿ ಅತ್ಯಲ್ಪ.

ಅವನ ಸೂಕ್ಷ್ಮ ಕೌಶಲ ಪ್ರಕಟವಾಗುವುದು ಕಾರ್ಬ್ಯುರೇಟರಿನಲ್ಲಿ, ಅಂದರೆ ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸಿ ಎಂಜಿನ್ನಿಗೆ ಒದಗಿಸುವ ಭಾಗದಲ್ಲಿ. ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಅದರ ಜೆಟ್ಟನ್ನು, ಎಂದರೆ ಪೆಟ್ರೋಲ್ ಹಾಯುವ ಕೂದಲೆಳೆಯಷ್ಟು ಸಣ್ಣ ರಂಧ್ರವುಳ್ಳ ಹಿತ್ತಾಳೆಯ ತುಣುಕನ್ನು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಸೂಜಿ ಹಾಕಿದರೆ ರಂಧ್ರ ಹಿಗ್ಗಿ ಕಾರು ಪೆಟ್ರೋಲ್ ಕುಡಿಯತೊಡಗುತ್ತದೆಂದು ಬಲ್ಲವನಾದ್ದರಿಂದ ಬಾಯಿಯಿಂದಲೇ ಊದುತ್ತಾನೆ. ಅಂದಿನ ಉಪ್ಪಿಟ್ಟಿನಲ್ಲಿ ಪೆಟ್ರೋಲ್ ವಾಸನೆ ಬರುತ್ತದೆಂಬುದು ಮನೆಯವರ ಆಕ್ಷೇಪ. ಕಿಡಿ ಹಾರಿಸುವ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳೆಂಬ ಎರಡು ಲೋಹದ ತುದಿಗಳಿದ್ದು, ಅವುಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಹೊಂದಿಸುವುದು ಶಾಸ್ತ್ರ, ವಿಸಿಟಿಂಗ್ ಕಾರ್ಡ್ ತೂರಿಸಿ ಹೊಂದಿಸುವುದು ಸಂಪ್ರದಾಯ. ‘ಹಿರಿಯ ವ್ಯವಸ್ಥಾಪಕರು’ ಎಂದು ಅಚ್ಚಾದ, ನಿವೃತ್ತಿಯ ಕಾಲಕ್ಕೆ ಇನ್ನೂ ಅರ್ಧ ಪೆಟ್ಟಿಗೆ ಉಳಿದಿದ್ದ ಕಾರ್ಡುಗಳಿಗೆ ಹೀಗೆ ಸದುಪಯೋಗ ಒದಗಿದೆ.

ಬಿಡಿಭಾಗಗಳ ಅನ್ವೇಷಣೆಯೇ ಈತನ ನಿಜವಾದ ವ್ಯಸನವೆನ್ನಬೇಕು. ಜೆ.ಸಿ. ರಸ್ತೆಯ ಅಂಗಡಿಯವನು ‘ಆ ಮಾಲು ಈಗ ಬರ್ತಾ ಇಲ್ಲ ಸಾರ್’ ಎಂದಾಗ ಅವನ ಮುಖದಲ್ಲಿ ಮೂಡುವುದು ನಿರಾಶೆಯಲ್ಲ, ತೃಪ್ತಿ. ಏಕೆಂದರೆ ಮುಂದಿನ ಭಾನುವಾರ ಶಿವಾಜಿನಗರದ ಗುಜರಿಗೆ ಹೋಗಲು ಅದು ಸಾಕಷ್ಟು ಕಾರಣವಾಗುತ್ತದೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾದಾಗ ದೇಶವೆಲ್ಲ ಹಳೆಯ ನೆನಪುಗಳಲ್ಲಿ ಮುಳುಗಿದ್ದರೆ, ಅದರ ಬಾಗಿಲ ಹಿಡಿಗಳು ಯಾರ ಪಾಲಾದವೆಂಬ ಚಿಂತೆಯಲ್ಲಿ ಈತನು ಎರಡು ರಾತ್ರಿ ನಿದ್ದೆಗೆಟ್ಟನು.

ಟಿಂಕರಿಂಗ್, ಅಂದರೆ ನುಗ್ಗಾದ ತಗಡನ್ನು ಬಡಿದು ಸರಿಪಡಿಸುವ ಕೆಲಸ, ಅವನ ಕೈಗೆ ಮೀರಿದ್ದು. ಅದಕ್ಕೆಂದು ಕರೆಸಿದ ಮೇಸ್ತ್ರಿಯು ಬಾಡಿಯ ಮೇಲೆ ಅಲ್ಲಲ್ಲಿ ಬೆರಳ ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ, ‘ಇದರಲ್ಲಿ ತಗಡಿಗಿಂತ ಪುಟ್ಟಿನೇ ಜಾಸ್ತಿ ಇದೆ ಸಾರ್, ಉಜ್ಜಿದರೆ ಕಾರೇ ಇರಲ್ಲ’ ಎಂದು ವರದಿ ಕೊಟ್ಟನು. ಪುಟ್ಟಿಯೆಂದರೆ ಗುಳಿಗಳನ್ನು ತುಂಬಿ ಮಟ್ಟಮಾಡುವ ಲೇಪ. ಜೀರ್ಣೋದ್ಧಾರಕನು ಇದನ್ನು ಕೇಳಿ ನೊಂದುಕೊಂಡರೂ, ಆ ಪುಟ್ಟಿಯೂ 1980ರ ದಶಕದ್ದೇ ಆದ್ದರಿಂದ ಒರಿಜಿನಲ್ ಎಂದೇ ಪರಿಗಣಿಸತಕ್ಕದ್ದೆಂಬ ತೀರ್ಮಾನಕ್ಕೆ ಬಂದನು. ಆಯುಧಪೂಜೆಯಂದು ಈ ಕಾರಿಗೂ ಮಾವಿನೆಲೆ, ಸೇವಂತಿಗೆ ಹಾರ, ಕುಂಬಳಕಾಯಿಗಳ ಮರ್ಯಾದೆ ತಪ್ಪದೆ ಸಲ್ಲುತ್ತದೆ. ನಿಂಬೆಹಣ್ಣುಗಳನ್ನು ಮಾತ್ರ ಚಕ್ರಗಳಿಲ್ಲದ ಕಾರಣ ಇಟ್ಟಿಗೆಗಳ ಪಕ್ಕದಲ್ಲಿರಿಸಿ, ಸಂಜೆ ಪಾನಕಕ್ಕೆ ಬಳಸಿಕೊಳ್ಳಲಾಗುತ್ತದೆ.

ಕೆಲಸ ಎಂದು ಮುಗಿಯುವುದೆಂಬ ಪ್ರಶ್ನೆಗೆ ಅವನಿಗೆ ಇತ್ತೀಚೆಗೆ ಕಾನೂನಿನ ಬೆಂಬಲವೂ ದೊರೆತಿದೆ. ಕೇಂದ್ರ ಸರ್ಕಾರದ 2021ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ, ಸಂಖ್ಯಾಫಲಕದಲ್ಲಿ ‘ವಿ.ಎ.’ ಎಂಬ ಅಕ್ಷರಗಳನ್ನು ಪಡೆಯಬಹುದು. ಆದರೆ ಷಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ತಂದೆಯ ಕಾರು 1979ರದ್ದಾದ್ದರಿಂದ 2029ರವರೆಗೆ ಕಾಯುವುದು ಅನಿವಾರ್ಯವೆಂದೂ, ಅಲ್ಲಿಯವರೆಗೆ ಅವಸರಪಟ್ಟು ಏನನ್ನಾದರೂ ಮಾಡಿ ಮುಗಿಸುವುದು ನಿಯಮದ ಆಶಯಕ್ಕೇ ವಿರುದ್ಧವೆಂದೂ ಅವನು ಕಾಫಿ ಹೀರುತ್ತ ಮನೆಯವರ ಮುಂದೆ ಮಂಡಿಸಿದನು. ‘ರೀ, ಅಲ್ಲೀತನಕ ನನ್ನ ಸ್ಕೂಟರ್ ಬೀದೀಲೇ ನಿಲ್ಲಬೇಕಾ?’ ಎಂದು ಪತ್ನಿ ಕೇಳುವಷ್ಟರಲ್ಲಿ ಅವನು ಕಾರಿನಡಿ ಸೇರಿಯಾಗಿತ್ತು. ಹೊರಗೆ ಚಾಚಿದ ಎರಡು ಪಾದಗಳ ಆಚೆಯಿಂದ ಬಂದ ಉತ್ತರ, ಹದಿಮೂರರ ಸ್ಪ್ಯಾನರ್ ಸ್ವಲ್ಪ ಕೊಡು ಎಂಬುದಷ್ಟೇ ಆಗಿತ್ತು.